ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.: ಒಂದು ಪ್ರದೇಶ, ಒಂದು ಭಾಷೆ ಹಿಡಿದು ಓದಿದರೆ ಫಲವಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪದವಿ ಪರೀಕ್ಷೆಗಳ ಫಲಿತಾಂಶ ಬರುವ ಸಮಯದಲ್ಲಿ ತಮ್ಮ ಪತ್ರಿಕೆ ಪ್ರಕಟಿಸುವ ಶೈಕ್ಷಣಿಕ ಮಾರ್ಗದರ್ಶನದ ಪುಟಗಳನ್ನು ಮುಂಬಯಿಯ ಕನ್ನಡ ಮನೆಗಳಲ್ಲಿ ಹೆತ್ತವರು ಕತ್ತರಿಸಿ ಇಟ್ಟುಕೊಳ್ಳುವುದನ್ನು ನಾನು ಕಂಡಿದ್ದೇನೆ. ವಾಣಿಜ್ಯ, ಕಾನೂನು, ನರ್ಸಿಂಗ್, ಹೊಟೇಲ್ ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಶಿಕ್ಷಣಗಳ ಬಗ್ಗೆ ಅಲ್ಲಿ ವಿವರವಾದ ಮಾಹಿತಿ ಇರುತ್ತದೆ. ಅಂತರರಾಷ್ಟ್ರೀಯ ಸಂಬಂಧಗಳ ಸ್ನಾತಕೋತ್ತರ ಅಧ್ಯಯನದ ವಿಚಾರ ಬಂದಾಗ ಮಾತ್ರ, ವಿದೇಶಾಂಗ ಸೇವೆಗೆ ಸೇರಬಯಸುವವರಿಗೆ ಇದು ಅನುಕೂಲ ಎಂಬ ಒಂದೇ ವಾಕ್ಯದಲ್ಲಿ ಮಾತು ಮುಗಿದುಹೋಗುತ್ತದೆ. ಉಪನಗರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿರುವ, ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೇ ಎಂ.ಎ. ಮುಗಿಸಿದ ನನಗೆ ಅಷ್ಟು ಹೇಳಿದರೆ ಸಾಕೆನಿಸಲಿಲ್ಲ. ಆ ಕಾರಣದಿಂದ ಈ ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಸ್ಥಳಾವಕಾಶ ಮಾಡಿಕೊಡಬೇಕೆಂದು ವಿನಂತಿ.

ಪ್ರತಿವರ್ಷ ಜೂನ್ ತಿಂಗಳಲ್ಲಿ ನಮ್ಮ ವಿಭಾಗಕ್ಕೆ ಬರುವ ಹೆತ್ತವರಲ್ಲಿ ಎರಡು ಬಗೆಯವರಿರುತ್ತಾರೆ. ಮೊದಲನೆಯವರು, ಇದನ್ನು ಓದಿದರೆ ನೌಕರಿ ಎಲ್ಲಿದೆ ಎಂದು ಕೇಳಿ, ಮಗಳನ್ನು ಬಿ.ಎಡ್.ಗೋ ಬ್ಯಾಂಕ್ ಪರೀಕ್ಷೆಯ ತರಬೇತಿಗೋ ಸೇರಿಸಲು ಹೊರಟವರು. ಎರಡನೆಯವರು, ಇಂಗ್ಲೆಂಡಿನಲ್ಲಿ ಒಂದೇ ವರ್ಷದಲ್ಲಿ ಈ ಪದವಿ ಸಿಗುತ್ತದೆಯೆಂದು ಏಜೆಂಟರು ಹೇಳಿದ್ದನ್ನು ನಂಬಿ, ಊರಿನ ಜಾಗವನ್ನೋ ಇಲ್ಲಿಯ ಫ್ಲ್ಯಾಟನ್ನೋ ಅಡವಿಟ್ಟು ಸಾಲ ತೆಗೆಯಲು ಸಿದ್ಧರಾದವರು. ಈ ಇಬ್ಬರಿಗೂ ನಾನು ಹೇಳುವ ಮಾತು ಒಂದೇ. ಈ ವಿಷಯದಲ್ಲಿ ಪದವಿ ಪ್ರಮಾಣಪತ್ರದ ಮೇಲಿನ ಹೆಸರಿಗಿಂತಲೂ, ಎರಡು ವರ್ಷಗಳಲ್ಲಿ ವಿದ್ಯಾರ್ಥಿ ಭೂಮಿಯ ಯಾವ ಭಾಗವನ್ನು ಆಳವಾಗಿ ತಿಳಿದುಕೊಂಡ, ಅಲ್ಲಿಯ ಯಾವ ಭಾಷೆಯನ್ನು ಓದಲು ಕಲಿತ ಎಂಬುದೇ ಮುಂದೆ ಅವನ ಬೆಲೆಯನ್ನು ನಿರ್ಧರಿಸುತ್ತದೆ. ಹಾಗೆ ಓದಲು ಮುಂಬಯಿಯಷ್ಟು ಅನುಕೂಲವಾದ ನಗರಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದೇಶಾಂಗ ಸೇವೆಯ ಮಾತನ್ನು ಮೊದಲು ಮುಗಿಸುತ್ತೇನೆ. ನೂರನಲವತ್ತು ಕೋಟಿ ಜನರ ಈ ದೇಶದ ವಿದೇಶಾಂಗ ಸೇವೆಯಲ್ಲಿ ಇರುವ ಅಧಿಕಾರಿಗಳು ಸುಮಾರು ಒಂದು ಸಾವಿರ ಮಾತ್ರ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ವರ್ಷಕ್ಕೆ ಅದಕ್ಕೆ ಸೇರುವವರ ಸಂಖ್ಯೆ ಕೆಲವು ಹತ್ತುಗಳನ್ನು ಮೀರುವುದಿಲ್ಲ. ಆ ಪರೀಕ್ಷೆಗೆ ಯಾವುದೇ ವಿಷಯದ ಪದವಿಯಿದ್ದರೆ ಸಾಕು, ಎಂ.ಎ. ಬೇಕಿಲ್ಲ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಅಲ್ಲಿ ಐಚ್ಛಿಕ ವಿಷಯಗಳಲ್ಲಿ ಒಂದಾಗಿದ್ದು, ಅದಕ್ಕೆ 250 ಅಂಕಗಳ ಎರಡು ಪತ್ರಿಕೆಗಳಿವೆ. ಹಾಗಾಗಿ ಎಂ.ಎ. ಓದಿದವರಿಗೆ ಒಂದಷ್ಟು ಸಹಾಯವಾಗುವುದು ನಿಜವೇ ಹೊರತು, ಆ ಒಂದೇ ಬಾಗಿಲನ್ನು ನೋಡುತ್ತ ಎರಡು ವರ್ಷ ಕಳೆಯುವುದು ಸರಿಯಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಸೇವೆಗೆ ಆಯ್ಕೆಯಾದ ಪ್ರತಿಯೊಬ್ಬ ಅಧಿಕಾರಿಗೂ ಸರ್ಕಾರ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಹಂಚುತ್ತದೆ; ಅರಬ್ಬಿ, ಚೀನಿ, ರಷ್ಯನ್, ಸ್ಪ್ಯಾನಿಷ್ ಹೀಗೆ ಯಾವುದು ಪಾಲಿಗೆ ಬಂದರೂ ಅದನ್ನು ಆ ಭಾಷೆ ಆಡುವ ನಾಡಿನಲ್ಲಿ ಕಲಿತು ಪರೀಕ್ಷೆ ಪಾಸು ಮಾಡಿದ ಮೇಲೆಯೇ ಅಧಿಕಾರಿಯ ವೃತ್ತಿಜೀವನ ನೆಲೆಗೊಳ್ಳುತ್ತದೆ. ಸರ್ಕಾರವೇ ಭಾಷೆಗೆ ಇಷ್ಟು ಬೆಲೆ ಕೊಡುವಾಗ ನಮ್ಮ ಎಂ.ಎ. ತರಗತಿಗಳಲ್ಲಿ ಭಾಷೆಯನ್ನು ಹವ್ಯಾಸದಂತೆ ಕಾಣುವುದು ಏಕೆ ಎಂಬುದು ನನಗೆ ಅರ್ಥವಾಗದ ವಿಷಯ.

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾದಾಗ ಅದರ ಹಿಂದಿದ್ದ ಉದ್ದೇಶ ಇನ್ನೊಂದು ಯುದ್ಧವನ್ನು ತಡೆಯುವ ಜ್ಞಾನವನ್ನು ಬೆಳೆಸುವುದಾಗಿತ್ತು. ಭಾರತದಲ್ಲಿ 1955ರಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಗವಾಯಿತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಹಳೆಯದಾದ ಪ್ರತ್ಯೇಕ ವಿಭಾಗವಿದೆ. ಸಿದ್ಧಾಂತಗಳು, ರಾಜತಾಂತ್ರಿಕ ಇತಿಹಾಸ, ಭಾರತದ ವಿದೇಶಾಂಗ ನೀತಿ, ಅಂತರರಾಷ್ಟ್ರೀಯ ಕಾನೂನು, ಜಾಗತಿಕ ಅರ್ಥವ್ಯವಸ್ಥೆಯ ರಾಜಕೀಯ, ಭದ್ರತೆಯ ಅಧ್ಯಯನ ಇವು ಹೆಚ್ಚುಕಡಿಮೆ ಎಲ್ಲ ಕಡೆಯೂ ಪಠ್ಯಕ್ರಮದಲ್ಲಿರುತ್ತವೆ. ಇವುಗಳ ಜೊತೆ ಪ್ರದೇಶ ಅಧ್ಯಯನವೆಂಬುದು ಒಂದೆರಡು ಐಚ್ಛಿಕ ಪತ್ರಿಕೆಗಳ ರೂಪದಲ್ಲಿ ಕೊನೆಯಲ್ಲಿ ಬರುತ್ತದೆ. ವಿದ್ಯಾರ್ಥಿಗಳು ಅಂಕ ಸುಲಭವಾಗಿ ಬರುವ ಪತ್ರಿಕೆ ಯಾವುದೆಂದು ಕೇಳಿ ಅದನ್ನು ಆರಿಸಿಕೊಳ್ಳುತ್ತಾರೆ. ವಾಸ್ತವವಾಗಿ ಇಡೀ ಎಂ.ಎ.ಯ ಬೆನ್ನೆಲುಬಾಗಬೇಕಾದದ್ದು ಈ ಆಯ್ಕೆಯೇ. ವಾಸ್ತವವಾದ, ಉದಾರವಾದ, ರಚನಾವಾದ ಎಂಬ ಸಿದ್ಧಾಂತಗಳ ಪರಿಭಾಷೆಯನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಬಾಯಿಪಾಠ ಮಾಡಬಹುದು. ಒಮಾನಿನ ಬಂದರುಗಳನ್ನೋ ಟಾಂಜಾನಿಯದ ಚುನಾವಣೆಗಳನ್ನೋ ಕುರಿತು ಕೇಳಿದಾಗ ನಿಖರವಾಗಿ ಮಾತನಾಡಬಲ್ಲವರು ಎಷ್ಟು ಮಂದಿ ಸಿಗುತ್ತಾರೆ?

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಸಿವಿಕ್ಸ್ ಮತ್ತು ಪಾಲಿಟಿಕ್ಸ್ ವಿಭಾಗವಿದೆಯೆಂಬುದು ಬಹಳ ಮಂದಿಗೆ ಗೊತ್ತು. ಅದೇ ಆವರಣದಲ್ಲಿ 1971ರಲ್ಲಿ ಸ್ಥಾಪನೆಯಾದ ಆಫ್ರಿಕನ್ ಅಧ್ಯಯನ ಕೇಂದ್ರವಿದೆ, ಹಿಂದೆ ಸೋವಿಯತ್ ಅಧ್ಯಯನ ಕೇಂದ್ರವಾಗಿದ್ದು ಈಗ ಮಧ್ಯ ಯುರೇಷ್ಯಾವನ್ನು ಅಭ್ಯಸಿಸುವ ಇನ್ನೊಂದು ಕೇಂದ್ರವೂ ಇದೆ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಆ ಆವರಣಕ್ಕೆ ಎಷ್ಟೋ ಸಲ ಬಂದುಹೋದವರು ಕೂಡ ಅವುಗಳ ಫಲಕವನ್ನು ಗಮನಿಸಿರಲಾರರು. ಜರ್ಮನ್, ಫ್ರೆಂಚ್, ಅರಬ್ಬಿ ಕಲಿಸುವ ವಿಭಾಗಗಳೂ ಅದೇ ವಿಶ್ವವಿದ್ಯಾಲಯದಲ್ಲಿವೆ. ಪುಣೆಯಲ್ಲಿರುವ ನಮ್ಮವರಿಗೆ ಅಲ್ಲಿಯ ವಿಶ್ವವಿದ್ಯಾಲಯದ ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನ ವಿಭಾಗವೂ, ವಿದೇಶಿ ಭಾಷೆಗಳಿಗೆ ಹೆಸರಾದ ರಾನಡೆ ಇನ್‌ಸ್ಟಿಟ್ಯೂಟೂ ಒಂದೇ ಊರಿನಲ್ಲಿ ದೊರೆಯುತ್ತವೆ. ಪೋರ್ಚುಗೀಸ್ ಕಲಿಯಬೇಕೆನ್ನುವವರಿಗೆ ಗೋವಾ ವಿಶ್ವವಿದ್ಯಾಲಯವಿದೆ. ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್‌ಗಳ ಜೊತೆ ವ್ಯವಹರಿಸಲು ಆ ಭಾಷೆ ಎಷ್ಟು ಅಗತ್ಯವೆಂದು ವಿವರಿಸಬೇಕಿಲ್ಲ. ಹಗಲು ದುಡಿಯುವವರು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಎಂ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯನ್ನು ಓದುತ್ತ, ಸಂಜೆಯ ಹೊತ್ತು ಭಾಷೆಯೊಂದನ್ನು ಕಲಿಯಬಹುದು. ಹೊಟೇಲುಗಳಲ್ಲಿ ಹಗಲೆಲ್ಲ ದುಡಿದು ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಮಕ್ಕಳು, ಮೊಮ್ಮಕ್ಕಳು ನಾವು. ಇದು ನಮಗೆ ಹೊಸ ಬಗೆಯ ಕಷ್ಟವೇನಲ್ಲ.

ಪಶ್ಚಿಮ ಏಷ್ಯಾದ ಅಧ್ಯಯನಕ್ಕೆ ಮುಂಬಯಿಯಲ್ಲಿ ಇರುವ ಅನುಕೂಲ ಇನ್ನೂ ದೊಡ್ಡದು. ಇಂದಿನ ಯೆಮನ್‌ನಲ್ಲಿರುವ ಏಡನ್ ಬಂದರು 1839ರಲ್ಲಿ ಬ್ರಿಟಿಷರ ವಶವಾದಾಗಿನಿಂದ 1932ರವರೆಗೆ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿತ್ತು. ಪರ್ಶಿಯನ್ ಕೊಲ್ಲಿಯಲ್ಲಿದ್ದ ಬ್ರಿಟಿಷರ ರಾಜಕೀಯ ಪ್ರತಿನಿಧಿಯಾದ ರೆಸಿಡೆಂಟನೂ 1873ರವರೆಗೆ ಮುಂಬಯಿ ಸರ್ಕಾರಕ್ಕೇ ವರದಿ ಒಪ್ಪಿಸುತ್ತಿದ್ದ. ಹೀಗಾಗಿ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಅರಬ್ಬಿ ಕರಾವಳಿ, ಕೆಂಪು ಸಮುದ್ರಗಳಿಗೆ ಸಂಬಂಧಿಸಿದ ಹಳೆಯ ಕಡತಗಳಿವೆ. ಭಾರತೀಯ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿ ಪ್ರದೇಶದ ಚಲಾವಣೆಗೆಂದೇ ಪ್ರತ್ಯೇಕ ರೂಪಾಯಿ ನೋಟುಗಳನ್ನು ಮುದ್ರಿಸಿತ್ತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮ ತಮ್ಮ ನಾಣ್ಯಗಳಿಗೆ ಬದಲಾದವು. ಇಂದು ಕೊಲ್ಲಿಗೆ ದುಡಿಯಲು ಹೋಗುವ ನಮ್ಮ ಕರಾವಳಿಯ ಹುಡುಗರ ಪೂರ್ವಕಥೆ ಇದೇ ನಗರದ ಕಡತಗಳಲ್ಲಿದೆ. ಲಂಡನ್ನಿನಲ್ಲಿ ಒಂದು ವರ್ಷ ಓದಿ ಬರುವ ವಿದ್ಯಾರ್ಥಿಯೂ ಪಶ್ಚಿಮ ಭಾರತ ಮತ್ತು ಕೊಲ್ಲಿಯ ನಂಟನ್ನು ಸಂಶೋಧಿಸಬೇಕೆಂದರೆ ಕೊನೆಗೆ ಈ ಕಟ್ಟಡದ ಮೆಟ್ಟಿಲು ಹತ್ತಬೇಕಾಗುತ್ತದೆ.

ಹೊರನಾಡ ಕನ್ನಡಿಗರಾದ ನಮಗೆ ಈ ವಿಷಯ ದೂರದ್ದೆಂದು ಯಾರೂ ಭಾವಿಸಬಾರದು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೊರಟರೆ 1983ರ ವಲಸೆ ಕಾಯಿದೆಯ ಪ್ರಕಾರ ಅವರ ಪಾಸ್‌ಪೋರ್ಟಿಗೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕಾಗುತ್ತದೆ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲಾಗದ ಕಫಾಲಾ ಪದ್ಧತಿಯನ್ನು ಕತಾರ್ 2020ರಲ್ಲಿ ಗಣನೀಯವಾಗಿ ಸಡಿಲಿಸಿ, ಮರುವರ್ಷ ಎಲ್ಲ ಕೆಲಸಗಾರರಿಗೂ ಅನ್ವಯವಾಗುವ ಕನಿಷ್ಠ ವೇತನವನ್ನು ಜಾರಿಗೆ ತಂದಿತು. ಅದು ಆದದ್ದು ಹೇಗೆ, ವಿಶ್ವ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಕಾರಣದಿಂದ ಬಂದ ಒತ್ತಡ ಎಷ್ಟು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪಾತ್ರವೇನು, ಕಾಗದದ ಮೇಲಿನ ಕಾನೂನು ಕೆಲಸಗಾರನ ಕೋಣೆಯವರೆಗೆ ತಲಪಿತೇ ಎಂಬುದೆಲ್ಲ ಒಂದು ಉತ್ತಮ ಎಂ.ಎ. ಪ್ರಬಂಧದ ವಸ್ತು. ಅದನ್ನು ಬರೆಯಲು ದೋಹಾದಿಂದ ರಜೆಯಲ್ಲಿ ಬಂದ ಸ್ವಂತ ಚಿಕ್ಕಪ್ಪನನ್ನೇ ಮೊದಲು ಮಾತನಾಡಿಸಬಲ್ಲ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳು ಕರೆತಂದದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಉಕ್ರೇನ್ ಯುದ್ಧ ಆರಂಭವಾದಾಗ ರೊಮೇನಿಯಾದ ಬುಕಾರೆಸ್ಟ್‌ನಿಂದ 219 ಮಂದಿಯನ್ನು ಹೊತ್ತ ಮೊದಲ ವಿಮಾನ 2022ರ ಫೆಬ್ರವರಿ 26ರಂದು ಇಳಿದದ್ದೂ ಮುಂಬಯಿಯಲ್ಲೇ. ಅದಾದ ಕೆಲವೇ ದಿನಗಳಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡರು. ಆ ವಾರ ನಮ್ಮ ಮನೆಗಳಲ್ಲಿ ಕೇಳಿಬಂದ ಪ್ರಶ್ನೆಗಳಿಗೆ, ಅಂದರೆ ಗಡಿ ದಾಟಲು ಯಾವ ದೇಶ ಬಿಡುತ್ತದೆ, ರಷ್ಯಾದ ಜೊತೆ ನಮ್ಮ ಸರ್ಕಾರ ಏನು ಮಾತನಾಡುತ್ತಿದೆ, ವಿಶ್ವಸಂಸ್ಥೆಯಲ್ಲಿ ಭಾರತ ಮತ ಹಾಕದೆ ಉಳಿದದ್ದೇಕೆ ಎಂಬುವಕ್ಕೆ, ಕನ್ನಡದಲ್ಲಿ ತಾಳ್ಮೆಯಿಂದ ಉತ್ತರ ಕೊಡಬಲ್ಲವರು ಕೈಬೆರಳೆಣಿಕೆಯಷ್ಟಿದ್ದರು. ಆ ಕೊರತೆ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಮೀನುಗಾರಿಕೆಯನ್ನು ನಂಬಿದ ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳಿಗೆ ಸಮುದ್ರ ಕಾನೂನನ್ನು ಕಲಿಸುವಾಗ ನಾನು ಒಂದು ಪ್ರಕರಣವನ್ನು ತಪ್ಪದೆ ಎತ್ತಿಕೊಳ್ಳುತ್ತೇನೆ. 2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲ ಹಡಗಿನಲ್ಲಿದ್ದ ನೌಕಾ ಸೈನಿಕರ ಗುಂಡಿಗೆ ಇಬ್ಬರು ಭಾರತೀಯ ಮೀನುಗಾರರು ಬಲಿಯಾದರು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದೇಶದ ಪೂರ್ಣ ಅಧಿಕಾರ ನಡೆಯುವ ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ. 200 ನಾಟಿಕಲ್ ಮೈಲಿಯವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ಮೀನು, ಖನಿಜಗಳ ಮೇಲೆ ಹಕ್ಕಿದೆಯೇ ಹೊರತು ಎಲ್ಲ ವಿಚಾರಗಳಲ್ಲೂ ಅಲ್ಲ. ಗುಂಡು ಹಾರಿದ್ದು ಈ ಎರಡು ಗೆರೆಗಳ ನಡುವೆ. ಆರೋಪಿಗಳನ್ನು ವಿಚಾರಿಸುವ ಅಧಿಕಾರ ಯಾರದು ಎಂಬ ವಾದ ಕೇರಳದ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿಗೆ, ಅಲ್ಲಿಂದ ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. 2020ರಲ್ಲಿ ಹೊರಬಿದ್ದ ತೀರ್ಪು, ಸೈನಿಕರಿಗೆ ಸರ್ಕಾರಿ ಕರ್ತವ್ಯದ ಕಾರಣದಿಂದ ವಿನಾಯಿತಿ ಇದೆಯೆಂದೂ, ಭಾರತಕ್ಕೆ ಪರಿಹಾರ ಸಲ್ಲಬೇಕೆಂದೂ ಹೇಳಿತು. ಇಟಲಿ 10 ಕೋಟಿ ರೂಪಾಯಿ ಕೊಟ್ಟ ಮೇಲೆ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿಯ ಪ್ರಕರಣವನ್ನು ಮುಕ್ತಾಯಗೊಳಿಸಿತು. ತೀರ್ಪಿನ ನ್ಯಾಯ ಅನ್ಯಾಯಗಳ ಬಗ್ಗೆ ತರಗತಿಯಲ್ಲಿ ಬಿಸಿಬಿಸಿ ಚರ್ಚೆಯಾಗುತ್ತದೆ, ಆಗಲೇಬೇಕು. ಆದರೆ ಭೂಪಟದ ಮೇಲೆ ಆ 12 ಮತ್ತು 200ರ ಗೆರೆಗಳನ್ನು ಕೈಯಾರೆ ಎಳೆದು ನೋಡಿದ ವಿದ್ಯಾರ್ಥಿ, ಟಿ.ವಿ. ಚರ್ಚೆಗಳಲ್ಲಿ ಕೇಳಿಬರುವ ಕೂಗಾಟವನ್ನು ಮತ್ತೆ ನಂಬುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಹತ್ತಿರದಿಂದ ಹೇಳುತ್ತೇನೆ. 2023ರ ನವೆಂಬರಿನಿಂದ ಯೆಮನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ವಾಣಿಜ್ಯ ಹಡಗುಗಳ ಮೇಲೆ ದಾಳಿ ಆರಂಭಿಸಿದ ಮೇಲೆ ದೊಡ್ಡ ಹಡಗು ಕಂಪನಿಗಳು ಸುಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡು ಯುರೋಪಿಗೆ ಹೋಗತೊಡಗಿದವು. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಸಂಶೋಧನ ಪ್ರಬಂಧಕ್ಕೆ ಇದನ್ನೇ ಆರಿಸಿಕೊಂಡಳು. ನಾಸಿಕ್‌ನ ದ್ರಾಕ್ಷಿಯನ್ನು ತಣ್ಣನೆಯ ಕಂಟೇನರಿನಲ್ಲಿ ತುಂಬಿ ನ್ಹಾವಾ ಶೇವಾ ಬಂದರಿನಿಂದ ನೆದರ್‌ಲ್ಯಾಂಡಿಗೆ ಕಳುಹಿಸುವ ವ್ಯವಹಾರವನ್ನು ಅವಳು ಹಿಡಿದಳು. ವಾಶಿಯ ಕ್ಲಿಯರಿಂಗ್ ಏಜೆಂಟರೊಬ್ಬರು ಆಕೆಗೆ ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು: ಮೂಲ ಬಾಡಿಗೆ ಏರಿದ್ದು ಒಂದೆಡೆ, ಯುದ್ಧದ ಅಪಾಯಕ್ಕೆಂದು ಸೇರಿಸಿದ ಹೆಚ್ಚುವರಿ ಶುಲ್ಕ ಇನ್ನೊಂದೆಡೆ, ವಿಮೆಯ ಕಂತು ಮತ್ತೊಂದೆಡೆ. ದಾರಿಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾದರೆ ದ್ರಾಕ್ಷಿಯ ತೊಟ್ಟು ಕಂದುಬಣ್ಣಕ್ಕೆ ತಿರುಗಿ ಅಲ್ಲಿಯ ಅಂಗಡಿಯವರು ದರ ಇಳಿಸುತ್ತಾರೆ ಎಂಬುದನ್ನು ಆಕೆ ಆ ಕಚೇರಿಯಲ್ಲಿ ಕಲಿತಳು. ಬಳಿಕ ಕೂತು ಈ ದಾಳಿಗಳ ಕುರಿತ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯದ ಮೂಲಪಾಠವನ್ನು, ನಮ್ಮ ನೌಕಾಪಡೆ ಅರಬ್ಬಿ ಸಮುದ್ರದಲ್ಲಿ ಯುದ್ಧನೌಕೆಗಳನ್ನು ನಿಯೋಜಿಸಿದ ವಿವರವನ್ನು, ಇರಾನಿನ ಜೊತೆ ನಡೆದ ಮಾತುಕತೆಗಳ ಅಧಿಕೃತ ಪ್ರಕಟಣೆಗಳನ್ನು ಓದಿದಳು. ಒಂದು ಗೊಂಚಲು ದ್ರಾಕ್ಷಿಯಿಂದ ಹೊರಟು ಯೆಮನ್‌ನ ರಾಜಧಾನಿ ಸನಾದವರೆಗೆ ಹೋಗಿ ಬಂದ ಆ ಪ್ರಬಂಧದಲ್ಲಿ ಸಿದ್ಧಾಂತವೂ ಇತ್ತು, ಅದು ತನ್ನ ಜಾಗದಲ್ಲಿತ್ತು. ಈಗ ಆಕೆ ಸರಕು ಸಾಗಣೆಯ ಸಂಸ್ಥೆಯೊಂದರಲ್ಲಿ ಬೇರೆ ಬೇರೆ ದೇಶಗಳ ಮಾರ್ಗಗಳ ಅಪಾಯವನ್ನು ಅಂದಾಜು ಮಾಡುವ ಕೆಲಸದಲ್ಲಿದ್ದಾಳೆ, ಅರಬ್ಬಿಯ ಎರಡನೆಯ ಹಂತದ ಪರೀಕ್ಷೆಗೆ ಓದುತ್ತಿದ್ದಾಳೆ. ನೌಕರಿ ಎಲ್ಲಿದೆ ಎಂದು ಕೇಳುವ ಹೆತ್ತವರಿಗೆ ನಾನು ಕೊಡುವ ಉತ್ತರ ಇದು: ಬಂದರು, ಬ್ಯಾಂಕು, ವಿಮೆ, ಹಡಗು, ರಫ್ತು, ಕಾನ್ಸುಲೇಟು, ಸುದ್ದಿಸಂಸ್ಥೆ ಇವೆಲ್ಲ ಇರುವ ನಗರದಲ್ಲಿ ಒಂದು ಪ್ರದೇಶವನ್ನು ಬಲ್ಲ ವ್ಯಕ್ತಿಗೆ ಕೆಲಸವಿದೆ; ಎಲ್ಲವನ್ನೂ ಮೇಲುಮೇಲೆ ಬಲ್ಲವರಿಗೆ ಕಷ್ಟ.

ನಮ್ಮ ಮಕ್ಕಳಿಗೆ ಈ ವಿಷಯ ಪಶ್ಚಿಮದ ದೇಶಗಳಿಂದ ಬಂದ ಆಮದು ಸರಕೆಂಬ ಅಳುಕು ಇದೆ. ಪಠ್ಯಪಟ್ಟಿಯಲ್ಲಿ ಮಾರ್ಗೆಂಥೋ, ವಾಲ್ಟ್ಜ್ ಮುಂತಾದ ಅಮೆರಿಕದ ವಿದ್ವಾಂಸರ ಹೆಸರುಗಳೇ ತುಂಬಿರುವಾಗ ಅದು ಸಹಜ. ಆದರೆ ರಾಜನೀತಿಯನ್ನು ಕುರಿತ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ವಿದ್ವಾಂಸರ ಗಮನಕ್ಕೆ ಬಂದದ್ದು 1905ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಅದರ ಮೂಲವನ್ನು 1909ರಲ್ಲಿ, ಇಂಗ್ಲಿಷ್ ಅನುವಾದವನ್ನು 1915ರಲ್ಲಿ ಪ್ರಕಟಿಸಿದರು. ನಾಲ್ಕೇ ವರ್ಷಗಳಲ್ಲಿ, 1919ರಲ್ಲಿ, ಜರ್ಮನಿಯ ಮ್ಯಾಕ್ಸ್ ವೇಬರ್ ತಮ್ಮ ಪ್ರಸಿದ್ಧ ಉಪನ್ಯಾಸವೊಂದರಲ್ಲಿ ಅದನ್ನು ಉಲ್ಲೇಖಿಸಿದರು. ಹಲವು ದಶಕಗಳ ನಂತರ, 1960 ಮತ್ತು 1965ರ ನಡುವೆ, ಅದರ ವಿಮರ್ಶಾತ್ಮಕ ಆವೃತ್ತಿ, ಅನುವಾದ ಮತ್ತು ಅಧ್ಯಯನಗಳನ್ನು ಆರ್.ಪಿ. ಕಾಂಗಲೆಯವರು ಸಿದ್ಧಪಡಿಸಿದರು, ಮುಂಬಯಿ ವಿಶ್ವವಿದ್ಯಾಲಯ ಪ್ರಕಟಿಸಿತು. ಮೈಸೂರು ಮತ್ತು ಮುಂಬಯಿ ಎರಡನ್ನೂ ತನ್ನದೆಂದುಕೊಂಡ ಕನ್ನಡ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರವೇಶದ್ವಾರ ಬೇಕೇ? ಸಂಧಿ (ಒಪ್ಪಂದ), ವಿಗ್ರಹ (ವೈರ), ಆಸನ (ಸುಮ್ಮನಿರುವುದು), ಯಾನ (ದಂಡೆತ್ತಿ ಹೊರಡುವುದು), ಸಂಶ್ರಯ (ಬಲಿಷ್ಠರ ಆಶ್ರಯ), ದ್ವೈಧೀಭಾವ (ಒಬ್ಬರೊಡನೆ ಸಂಧಿ, ಇನ್ನೊಬ್ಬರೊಡನೆ ವೈರ) ಎಂದು ಕೌಟಿಲ್ಯ ಹೇಳುವ ವಿದೇಶ ನೀತಿಯ ಆರು ಗುಣಗಳನ್ನು ಇಂದಿನ ಮೈತ್ರಿ, ತಟಸ್ಥತೆಗಳ ಜೊತೆ ಎದುರುಬದುರು ಇಟ್ಟು ಪರೀಕ್ಷಿಸಬಹುದು. ಎಲ್ಲವನ್ನೂ ನಮ್ಮವರು ಮೊದಲೇ ಹೇಳಿದ್ದರೆಂಬ ಹೆಮ್ಮೆಯ ಮಾತಿನಲ್ಲೇ ನಿಲ್ಲದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡಬೇಕು.

ಹಾಗೆಯೇ ಕೊರಿಯಾ ಯುದ್ಧ. 1950ರ ಜೂನ್ ತಿಂಗಳಲ್ಲಿ ಆ ಯುದ್ಧ ಆರಂಭವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರೂ ಅವರೇ. ಮಂಡಳಿಯಲ್ಲಿ ಚೀನಾದ ಸ್ಥಾನ ಯಾವ ಸರ್ಕಾರಕ್ಕೆ ಸಲ್ಲಬೇಕೆಂಬ ಪ್ರಶ್ನೆಯಲ್ಲಿ ಸೋವಿಯತ್ ಪ್ರತಿನಿಧಿ ಜನವರಿಯಿಂದ ಸಭೆಗಳನ್ನು ಬಹಿಷ್ಕರಿಸಿದ್ದ ಕಾರಣ ವಿಟೋ, ಅಂದರೆ ಒಂದೇ ಮತದಿಂದ ನಿರ್ಣಯವನ್ನು ತಡೆಯುವ ಅಧಿಕಾರ, ಚಲಾಯಿಸಲು ಅಲ್ಲಿ ಯಾರೂ ಇರಲಿಲ್ಲ, ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ ನಿರ್ಣಯ ಪಾಸಾಯಿತು. ಭಾರತ ಸೈನ್ಯವನ್ನು ಕಳುಹಿಸದೆ ವೈದ್ಯಕೀಯ ತುಕಡಿಯನ್ನು ಕಳುಹಿಸಿತು. ಕದನ ನಿಂತ ಮೇಲೆ, 1953ರಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ನೋಡಿಕೊಳ್ಳಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಒಂದು ಯುದ್ಧದ ಆದಿಯಲ್ಲೂ ಅಂತ್ಯದಲ್ಲೂ ನಮ್ಮ ನೆಲದ ಇಬ್ಬರಿದ್ದರು. ವಿಟೋ ಹೇಗೆ ಕೆಲಸ ಮಾಡುತ್ತದೆ, ತಟಸ್ಥ ದೇಶವೊಂದಕ್ಕೆ ಎರಡೂ ಪಕ್ಷಗಳ ಬೈಗುಳ ಹೇಗೆ ಬೀಳುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಗೋವಾದ ಗೆಳೆಯರಿಗೆ ಇನ್ನೊಂದಿದೆ: ತನ್ನ ಆಳ್ವಿಕೆಯಲ್ಲಿದ್ದ ದಾದ್ರಾ ಮತ್ತು ನಗರ ಹವೇಲಿಗೆ ಭಾರತದ ನೆಲದ ಮೂಲಕ ಹೋಗುವ ದಾರಿಯ ಹಕ್ಕಿಗಾಗಿ, ಆಗ ಗೋವಾವನ್ನು ಆಳುತ್ತಿದ್ದ ಪೋರ್ಚುಗಲ್ 1955ರಲ್ಲಿ ಭಾರತದ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು, 1960ರಲ್ಲಿ ತೀರ್ಪು ಬಂದದ್ದು, ಮರುವರ್ಷದ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದದ್ದು.

ಸೇರಬಯಸುವವರಿಗೆ ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ಈ ಪತ್ರ ಏಕಪಕ್ಷೀಯವಾದೀತು. ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕಕ್ಕೂ ಸರ್ಕಾರಿ ವಿಶ್ವವಿದ್ಯಾಲಯಗಳ ಶುಲ್ಕಕ್ಕೂ ಅಜಗಜಾಂತರವಿದೆ; ಕಟ್ಟಡ, ಬ್ರೋಷರುಗಳನ್ನು ನೋಡಿ ಮರುಳಾಗದೆ, ಅಲ್ಲಿ ಖಾಯಂ ಅಧ್ಯಾಪಕರು ಯಾರಿದ್ದಾರೆ, ಅವರಲ್ಲಿ ಯಾವ ಪ್ರದೇಶದ ತಜ್ಞರಿದ್ದಾರೆ, ಹಿಂದಿನ ವರ್ಷದ ಪ್ರಬಂಧಗಳನ್ನು ತೋರಿಸುತ್ತಾರೆಯೇ ಎಂದು ಕೇಳಬೇಕು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಂತಹ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಈಗ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕಾಗುತ್ತದೆ, ಅದರ ಅರ್ಜಿ ಪದವಿಯ ಕೊನೆಯ ಪರೀಕ್ಷೆಗಿಂತ ಮೊದಲೇ ಬರುತ್ತದೆ; ಫಲಿತಾಂಶ ಬಂದ ಮೇಲೆ ಯೋಚಿಸಿದರೆ ಒಂದು ವರ್ಷ ಹೋಯಿತು. ಅಧ್ಯಾಪಕರಾಗಬಯಸುವವರು ಮುಖ್ಯವಾಗಿ ಗಮನಿಸಬೇಕಾದದ್ದು, ಎಂ.ಎ.ಯ ಹೆಸರು ಅಂತರರಾಷ್ಟ್ರೀಯ ಸಂಬಂಧಗಳು ಎಂದಿದ್ದರೆ ರಾಜ್ಯಶಾಸ್ತ್ರದ ಹುದ್ದೆಗೆ ಅದನ್ನು ಒಪ್ಪುವ ವಿಚಾರದಲ್ಲಿ ಕೆಲವು ಕಡೆ ತಕರಾರು ಬರುತ್ತದೆ. ರಾಜ್ಯಶಾಸ್ತ್ರದ ಎಂ.ಎ. ಮಾಡಿ ಅದರೊಳಗೆ ಈ ವಿಷಯದ ಪತ್ರಿಕೆಗಳನ್ನು ಆರಿಸಿಕೊಳ್ಳುವುದು ಅಂಥವರಿಗೆ ಸುರಕ್ಷಿತ. ವಿದೇಶಕ್ಕೆ ಹೋಗುವವರ ವಿಚಾರದಲ್ಲಿ ನನ್ನ ವಿರೋಧವೇನೂ ಇಲ್ಲ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಸಂತೋಷದಿಂದ ಹೋಗಲಿ. ಸಾಲ ಮಾಡಿ ಹೋಗುವವರು ಒಂದನ್ನು ತಿಳಿದಿರಬೇಕು: ಈ ಕ್ಷೇತ್ರದ ಸರ್ಕಾರಿ ಮತ್ತು ರಕ್ಷಣಾ ಸಂಬಂಧಿ ಹುದ್ದೆಗಳಿಗೆ ಅಲ್ಲಿ ಸಾಮಾನ್ಯವಾಗಿ ಆಯಾ ದೇಶದ ಪೌರತ್ವವನ್ನೇ ಕೇಳುತ್ತಾರೆ. ಇಂಜಿನಿಯರನಿಗೆ ತೆರೆದಿರುವ ಬಾಗಿಲು ನಮ್ಮ ವಿಷಯದವರಿಗೆ ಅಲ್ಲಿ ಅಷ್ಟು ತೆರೆದಿಲ್ಲ.

ಇನ್ನು ತಮ್ಮಲ್ಲಿ ಮತ್ತು ತಮ್ಮ ಮೂಲಕ ನಮ್ಮ ಸಂಘ ಸಂಸ್ಥೆಗಳಲ್ಲಿ ನನ್ನ ಕೋರಿಕೆ. ಮುಂಬಯಿಯ ಕನ್ನಡ ಮತ್ತು ತುಳು ಸಂಘಟನೆಗಳು, ಜಾತಿ ಸಮುದಾಯದ ಸಂಘಗಳು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ, ಅದು ಅವರ ದೊಡ್ಡ ಗುಣ. ಅದರ ಒಂದು ಸಣ್ಣ ಭಾಗವನ್ನು ವಿದೇಶಿ ಭಾಷೆ ಕಲಿಯುವ ಎಂ.ಎ. ವಿದ್ಯಾರ್ಥಿಗಳ ಶುಲ್ಕಕ್ಕೆಂದು ಮೀಸಲಿಟ್ಟರೆ, ವರ್ಷಕ್ಕೆ ಇಬ್ಬರು ಅರಬ್ಬಿ ಕಲಿತರೂ ಹತ್ತು ವರ್ಷಗಳಲ್ಲಿ ನಮ್ಮ ಸಮಾಜದ ಕೈಯಲ್ಲಿ ಒಂದು ತಂಡವಿರುತ್ತದೆ. ಕೊಲ್ಲಿಯಲ್ಲಿ ಸಂಬಳ ಸಿಗದೆ, ಪಾಸ್‌ಪೋರ್ಟ್ ಕಳೆದುಕೊಂಡು ತೊಂದರೆಗೊಳಗಾದವರ ಮನೆಯವರು ಇಂದು ಬರುವುದು ಈ ಸಂಘಗಳ ಬಾಗಿಲಿಗೇ. ಅಲ್ಲಿಯ ಕಾರ್ಮಿಕ ಕಾನೂನನ್ನು ಮೂಲದಲ್ಲೇ ಓದಬಲ್ಲವರು ಒಬ್ಬರಿದ್ದರೆ ಎಷ್ಟು ಸಹಾಯವಾದೀತೆಂದು ಪದಾಧಿಕಾರಿಗಳು ಯೋಚಿಸಬೇಕು.

ತಮ್ಮ ಪತ್ರಿಕೆಯಿಂದ ಅಪೇಕ್ಷಿಸುವುದು ಇನ್ನೂ ಸುಲಭದ್ದು. ಹೊಸ ಶಿಕ್ಷಣ ನೀತಿಯನ್ವಯ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ಎಂ.ಎ. ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸದ ತರಬೇತಿ ಪಡೆಯಬೇಕು, ಎರಡನೆಯ ವರ್ಷದಲ್ಲಿ ಸಂಶೋಧನ ಪ್ರಬಂಧ ಬರೆಯಬೇಕು. ತರಬೇತಿಗೆ ಜಾಗ ಹುಡುಕುವುದೇ ಕಲಾ ವಿಭಾಗದ ಮಕ್ಕಳಿಗೆ ದೊಡ್ಡ ತಲೆನೋವಾಗಿದೆ. ತಮ್ಮ ವಿದೇಶ ಸುದ್ದಿಯ ಪುಟದಲ್ಲಿ ಕನ್ನಡ ಬಲ್ಲ ಒಬ್ಬಿಬ್ಬರನ್ನು ಪ್ರತಿ ಸೆಮಿಸ್ಟರಿಗೆ ತೆಗೆದುಕೊಳ್ಳಲು ಸಾಧ್ಯವೇ? ಈಗ ಆ ಪುಟದಲ್ಲಿ ಬರುವುದು ಬಹುಪಾಲು ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯ ಸಾರಾಂಶ. ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಭಾರತ ಮತ್ತು ಪಾಕಿಸ್ತಾನ 2008ರ ಒಪ್ಪಂದದ ಪ್ರಕಾರ ತಮ್ಮ ಸೆರೆಯಲ್ಲಿರುವ ಕೈದಿಗಳು ಮತ್ತು ಮೀನುಗಾರರ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ಆ ಸುದ್ದಿ ಎರಡು ಸಾಲಿನಲ್ಲಿ ಬಂದುಹೋಗುತ್ತದೆ. ಗಡಿ ದಾಟಿದ ದೋಣಿಯ ಮೀನುಗಾರ ವರ್ಷಗಟ್ಟಲೆ ಕರಾಚಿಯ ಜೈಲಿನಲ್ಲಿ ಏಕೆ ಉಳಿಯುತ್ತಾನೆ, ಗುಜರಾತ್ ಮತ್ತು ಸಿಂಧ್ ನಡುವಿನ ಸರ್ ಕ್ರೀಕ್ ಎಂಬ ಅಳಿವೆಯ ಗಡಿ ವಿವಾದಕ್ಕೂ ಅವನ ಬಲೆಗೂ ಏನು ಸಂಬಂಧ ಎಂದು ಮೂಲ ದಾಖಲೆಗಳನ್ನು ಓದಿ ಕಾಲು ಪುಟ ಬರೆಯಬಲ್ಲ ವಿದ್ಯಾರ್ಥಿಗಳನ್ನು ನಾವು ಕಳುಹಿಸಬಲ್ಲೆವು. ಭಾಷೆಯನ್ನು ತಿದ್ದುವ ಕೆಲಸವನ್ನು ತಮ್ಮ ಉಪಸಂಪಾದಕರು ಮಾಡಿಕೊಟ್ಟರೆ ಮಕ್ಕಳು ಕನ್ನಡದಲ್ಲಿ ಈ ವಿಷಯವನ್ನು ಬರೆಯಲು ಕಲಿಯುತ್ತಾರೆ, ಓದುಗರಿಗೆ ಒಂದು ಹೊಸ ಅಂಕಣ ಸಿಗುತ್ತದೆ.

ಮಾರ್ಗದರ್ಶನದ ಪುಟದಲ್ಲಿಯೂ ಬರುವ ವರ್ಷ ಈ ವಿಷಯಕ್ಕೆ ಅರ್ಧ ಪುಟವನ್ನಾದರೂ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಪ್ರವೇಶ ಪರೀಕ್ಷೆಗಳ ದಿನಾಂಕ, ಭಾಷಾ ತರಗತಿಗಳ ವಿವರ, ಪತ್ರಾಗಾರದಲ್ಲಿ ಸದಸ್ಯತ್ವ ಪಡೆಯುವ ವಿಧಾನ ಇವನ್ನೆಲ್ಲ ಸಂಗ್ರಹಿಸಿ, ಪರಿಶೀಲಿಸಿ ಕೊಡುವ ಹೊಣೆಯನ್ನು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಹೊರುತ್ತೇವೆ. ತರಬೇತಿಯ ಕುರಿತು ತಮ್ಮ ಅಭಿಪ್ರಾಯವನ್ನು ದೀಪಾವಳಿ ರಜೆಗೆ ಮೊದಲು ತಿಳಿಸಿದರೆ, ಎರಡನೆಯ ಸೆಮಿಸ್ಟರಿಗೆ ಹೋಗುವ ವಿದ್ಯಾರ್ಥಿಗಳ ಹೆಸರುಗಳನ್ನು ಅವರು ಆರಿಸಿಕೊಂಡ ಪ್ರದೇಶ, ಕಲಿಯುತ್ತಿರುವ ಭಾಷೆಗಳ ವಿವರದೊಡನೆ ತಮ್ಮ ಕಚೇರಿಗೆ ತಲಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರ ಉಪನ್ಯಾಸಕಿ
ಡೊಂಬಿವಲಿ ಪೂರ್ವ